ಎಡಗಡೆಯ ಗೋಡೆ

ನಮ್ಮ ಮನೆಯ ಬಚ್ಚಲಿಗೆ ಬಾಗಿಲೂ ಇತ್ತು, ಚಿಲಕವೂ ಇತ್ತು. ಎರಡಕ್ಕೂ ಮರ್ಯಾದೆ ಇರಲಿಲ್ಲ. ಮರ್ಯಾದೆ ಇದ್ದದ್ದು ಅಡುಗೆಮನೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಮೊರದಗಲದ ಒಂದು ತಂತಿಬಳೆಗೆ. ಹಿಂದೆ ಒಂಟಿ ಹಳಿಯ ಕಾಲದಲ್ಲಿ ಸ್ಟೇಷನ್ ಮಾಸ್ಟರು ಇಂಥದೊಂದು ಬಳೆಯನ್ನು ಡ್ರೈವರ್ ಕೈಗೆ ಕೊಟ್ಟರೆ ಮಾತ್ರ ರೈಲು ಮುಂದಿನ ಸ್ಟೇಷನ್ನಿಗೆ ಹೊರಡಬಹುದಿತ್ತು. ಬಳೆ ಒಬ್ಬರ ಕೈಯಲ್ಲಿದೆ ಅಂದರೆ ಹಳಿ ಅವರದು, ಲೈನ್ ಕ್ಲಿಯರ್, ಎದುರಿನಿಂದ ಇನ್ನೊಂದು ಗಾಡಿ ಬರುವಂತಿಲ್ಲ. ಅಪ್ಪ ಆ ಬಳೆಯನ್ನು ಯಾವುದೋ ಗುಜರಿ ರಾಶಿಯಿಂದ ಎತ್ತಿಕೊಂಡು ಬಂದು, ಮದ್ದೂರಿನ ರೈಲ್ವೆ ಕ್ವಾರ್ಟರ್ಸಿನ ನಮ್ಮ ಎರಡು ಕೋಣೆ ಮನೆಗೂ ಅದೇ ಕಾನೂನು ತಂದ. ಬಳೆ ಹಿಡಿದವರು ಬಚ್ಚಲಿಗೆ ಹೋಗಬಹುದು, ಹತ್ತು ನಿಮಿಷ. ಮೊಳೆ ಖಾಲಿ ಇದ್ದರೆ ಮಿಕ್ಕವರು ಕಾಯಬೇಕು, ಬಾಗಿಲು ತಟ್ಟಬಾರದು. ಈ ಕಾನೂನಿನ ಬಗ್ಗೆ ಮನೆಯಲ್ಲಿ ನಡೆದಷ್ಟು ಜಗಳ ಜಮೀನಿನ ಬಗ್ಗೆ ಹಳ್ಳಿಯಲ್ಲೂ ನಡೆದಿರಲಾರದು. ನಮ್ಮ ಜೊತೆಯಲ್ಲಿದ್ದ ಅವ್ವನ ಅವ್ವ, ಮಳವಳ್ಳಿ ಕಡೆಯ ಬಂಡೂರಿನವಳು, ಕುರಿ ಕಾದು ಬೆಳೆದ ಹೆಂಗಸು, ಬಯಲು ಬಿಟ್ಟು ಬಾಗಿಲೊಳಗೆ ಹೋಗುವುದೇ ಒಂದು ಶಿಕ್ಷೆ ಅಂದುಕೊಂಡಿದ್ದವಳು. ನಾನು ಬಳೆ ಬಚ್ಚಿಟ್ಟ ಒಂದು ಬೆಳಿಗ್ಗೆ ಅವಳು ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲಿ ನಿಂತು ಅಪ್ಪನಿಗೆ ಹೇಳಿದ್ದು ನನಗೆ ಈಗಲೂ ಅವಳದೇ ಧ್ವನಿಯಲ್ಲಿ ಬಾಯಿಗೆ ಬರುತ್ತೆ:

"ಅಳೀಮಯ್ಯ, ನಿಮ್ಮ ರೈಲು ಕಾಯ್ತದೆ ಕಣಪ್ಪ, ನನ್ನ ಒಟ್ಟೆ ಕಾಯಾಕಿಲ್ಲ."

ಅಪ್ಪ ನಗಲಿಲ್ಲ. ಕಾನೂನು ಅಂದರೆ ಕಾನೂನು ಅಂದ. ಆಮೇಲೆ ಬಳೆ ಸಿಕ್ಕಿತು, ಅಜ್ಜಿ ಓಡಿದಳು, ನನಗೆ ಎರಡು ಬಿದ್ದವು. ಇದು ತಮಾಷೆಯ ಮನೆ ಅಂತ ಓದುವವರಿಗೆ ಅನ್ನಿಸಬಹುದು. ನಾನೂ ಹೊರಗಿನವರಿಗೆ ಹಾಗೆಯೇ ತೋರಿಸಿ ಬೆಳೆದೆ. ಒಳಗೆ, ಹದಿಮೂರರ ಆ ವರ್ಷ, ಅಷ್ಟು ಹೆದರಿಕೊಂಡು ನಾನು ಮತ್ತೆ ಯಾವತ್ತೂ ಬದುಕಿಲ್ಲ.

ಅಪ್ಪ ಆತಗೂರಿನ ಕಡೆಯ ರೈತರ ಮನೆಯವನು. ಮಂಡ್ಯದಲ್ಲಿ ಡಿಪ್ಲೊಮಾ ಓದಿ, ಸೈನ್ಯದಲ್ಲಿ ರೈಲು ಹಳಿ ಹಾಕುವ ಎಂಜಿನಿಯರ್ ದಳಕ್ಕೆ ಸೇರಿದ. ಸೈನ್ಯದಲ್ಲಿ ಇಂಥದೊಂದು ದಳ ಇದೆ ಅನ್ನುವುದೇ ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಿಲ್ಟ್ರಿ ಅಂದರೆ ಬಂದೂಕ, ರೈಲು ಅಂದರೆ ಹಸಿರು ಬಾವುಟ, ಎರಡೂ ಒಟ್ಟಿಗೆ ಹೇಗೆ ಅಂತ ಜನ ಕೇಳುವರು. ಪ್ರವಾಹ ಸೇತುವೆ ಕೊಚ್ಚಿಕೊಂಡು ಹೋದರೆ ಮೂರು ದಿನದಲ್ಲಿ ಹೊಸದು ನಿಲ್ಲಿಸುವುದು, ಗಡಿಯ ಮರಳಿನಲ್ಲಿ ಹಳಿ ಹಾಕುವುದು, ಟ್ಯಾಂಕುಗಳನ್ನು ಬಯಲು ಬೋಗಿಗೆ ಹತ್ತಿಸಿ ಕಟ್ಟುವುದು, ಯಾರಾದರೂ ಹಳಿ ಸಿಡಿಸಿದ್ದರೆ ಹೋಗಿ ಜೋಡಿಸುವುದು, ಇದು ಅಪ್ಪನ ಹದಿನೆಂಟು ವರ್ಷದ ಕೆಲಸ. ರಜೆಗೆ ಬಂದಾಗ ಸಂಬಂಧಿಕರು ಸುತ್ತ ಕೂತು, ಯುದ್ಧ ಬಂದ್ರೆ ನೀನೇನ್ ಮಾಡ್ತೀಯಪ್ಪಾ ಅಂತ ಕೇಳಿದರೆ, "ಬೋಲ್ಟು ಬಿಗೀತೀನಿ" ಅನ್ನುತ್ತಿದ್ದ. ಅವರಿಗೆ ನಿರಾಸೆ. ಆಮೇಲೆ ಸೈನ್ಯದಿಂದ ಬಿಡುಗಡೆಯಾಗಿ, ಮಾಜಿ ಸೈನಿಕ ಅನ್ನುವ ಲೆಕ್ಕದಲ್ಲಿ ರೈಲ್ವೆಯಲ್ಲೇ ಹಳಿ ನೋಡಿಕೊಳ್ಳುವ ಎಂಜಿನಿಯರ್ ಆಗಿ ಮದ್ದೂರಿಗೆ ಬಂದ. ಹಳೆಯ ಹಳಿಯ ಪಕ್ಕದಲ್ಲಿ ಎರಡನೇ ಹಳಿ ಹಾಕುತ್ತಿದ್ದ ಕಾಲ ಅದು. ದಿನಾ ಬೆಳಿಗ್ಗೆ ಆರೂವರೆಗೆ ಬೂಟು ಕಟ್ಟಿ, ಸಣ್ಣ ಸುತ್ತಿಗೆ ಹಿಡಿದು, ಹಳಿಯ ಮೇಲೆ ಮೈಲಿಗಟ್ಟಲೆ ನಡೆಯುವುದು. ಸುತ್ತಿಗೆಯಿಂದ ಹಳಿಯನ್ನು ತಟ್ಟಿ, ಬರುವ ಸದ್ದಿನಲ್ಲೇ ಬಿರುಕು ಇದೆಯೋ ಇಲ್ಲವೋ ಹೇಳುವುದು. ಅವನ ಕೈಕೆಳಗಿನವರು ಅವನನ್ನು ಕಿವಿಗೌಡ್ರು ಅಂತ ಕರೆಯುತ್ತಿದ್ದರು. ಅಷ್ಟು ಚುರುಕು ಕಿವಿ ಅಂತ.

ಮನೆಗೂ ಅದೇ ಸುತ್ತಿಗೆ. ಏಳುತ್ತಿದ್ದಂತೆ ಕಿಟಕಿ ಸರಳು, ನೀರಿನ ಪೈಪು, ಗ್ಯಾಸ್ ಸಿಲಿಂಡರು, ನನ್ನ ತಲೆ, ಎಲ್ಲವನ್ನೂ ಒಂದು ಸಲ ತಟ್ಟುತ್ತಿದ್ದ. ಬಾಗಿಲ ಹತ್ತಿರ ಯಾರಾದರೂ ಚೀಲ ಇಟ್ಟು ಒಳಗೆ ಬಂದರೆ ಅವನ ಮುಖ ಬಿಳಚಿಕೊಳ್ಳುತ್ತಿತ್ತು. ಅಜ್ಜಿ ಊರಿಂದ ತಂದ ಅವರೇಕಾಯಿ ಚೀಲವನ್ನು ಒಮ್ಮೆ ಕೋಲಿನಿಂದ ಎತ್ತಿ ಅಂಗಳದಾಚೆಗಿಟ್ಟು ಬಂದಿದ್ದ. ಊಟಕ್ಕೆ ಕೂರುವುದಕ್ಕೂ ಒಂದು ಜಾಗ. ಅಡುಗೆಮನೆಯ ಮೂಲೆ, ಎಡಗಡೆಗೆ ಗೋಡೆ ಅಂಟಿಕೊಂಡಿರಬೇಕು. ಅವ್ವ ಅವನ ಬಲಗಡೆಯಿಂದಲೇ ಮುದ್ದೆ ಇಡಬೇಕು, ಬಸ್ಸಾರು ಬಿಡಬೇಕು. ಮದುವೆ ಮನೆಗೆ ಹೋದರೂ ಸಾಲಿನ ಎಡತುದಿಯ ಎಲೆಯೇ ಬೇಕು. ಅಕ್ಕಪಕ್ಕದವರು ಕೇಳಿದರೆ ಅವ್ವ ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದಳು:

"ಮಿಲ್ಟ್ರಿಯೋರು ಕಣವ್ವ. ಒಂದು ಪಕ್ಕ ಯಾವಾಗ್ಲೂ ಗೋಡೆ ಇಟ್ಕೋಬೇಕಂತೆ. ಸತ್ರು ಬರ್ದಂಗೆ."

ನಾನು ಆಗ ಹದಿಮೂರರವನು, ಓದಿನಲ್ಲಿ ಹಿಂದೆ, ಬಾಯಲ್ಲಿ ಮುಂದೆ. ಯಾರ ಧ್ವನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯದು ನನ್ನ ಗಂಟಲಲ್ಲಿರುತ್ತಿತ್ತು. ಹೆಡ್ ಮೇಷ್ಟ್ರು, ಪ್ಲಾಟ್‌ಫಾರಮ್ಮಿನಲ್ಲಿ ವಡೆ ಮಾರುವವನು, ಸ್ಟೇಷನ್ನಿನ ಮೈಕಿನಲ್ಲಿ ಮಾತಾಡುವ ಹೆಂಗಸು, ಎಲ್ಲರೂ. ಎಂಜಿನ್ನಿನ ಹಾರ್ನನ್ನಂತೂ ಎಷ್ಟು ಚೆನ್ನಾಗಿ ಹೊಡೆಯುತ್ತಿದ್ದೆ ಅಂದರೆ, ಕ್ವಾರ್ಟರ್ಸಿನ ಹೆಂಗಸರು ಬಟ್ಟೆ ಒಗೆಯುವುದು ಬಿಟ್ಟು ಹಳಿ ಕಡೆ ಓಡಾಡುತ್ತಿದ್ದ ಮಕ್ಕಳನ್ನು ಕೂಗುತ್ತಿದ್ದರು. ನನಗೆ ಬೇರೆ ಬಂಡವಾಳ ಇರಲಿಲ್ಲ. ಉಬ್ಬುಹಲ್ಲು, ಕಡ್ಡಿ ಕಾಲು, ಗಣಿತದಲ್ಲಿ ಹನ್ನೊಂದು ಅಂಕ. ಹೀಗಿರುವ ಹುಡುಗ ಬೇರೆಯವರಾಗದೆ ಇನ್ನೇನಾಗಬೇಕು. ಒಬ್ಬನನ್ನು ಮಾತ್ರ ನಾನು ಎದುರಿಗೆ ಅಣಕಿಸುತ್ತಿರಲಿಲ್ಲ. ಅಪ್ಪ. ಮಾತಿಗೆ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದು, ಪದಗಳನ್ನು ಬೋಲ್ಟು ಬಿಗಿದ ಹಾಗೆ ಒಂದೊಂದೇ ಕೂರಿಸುವುದು, ನಡುವೆ ಒಂದು "ಹಾಂ ಜೀ", ಎಲ್ಲವನ್ನೂ ಹಿತ್ತಲಲ್ಲಿ ಒಬ್ಬನೇ ಕಲಿತಿದ್ದೆ. ಆ ವರ್ಷ ಗಂಟಲು ಒಡೆದದ್ದರಿಂದ ಅದು ಇನ್ನಷ್ಟು ಸಲೀಸಾಗಿತ್ತು.

ಒಂದು ಬೆಳಿಗ್ಗೆ ಅಪ್ಪ ಹಿತ್ತಲ ನುಗ್ಗೆಮರಕ್ಕೆ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಹೆರೆಯುತ್ತಿದ್ದ. ನಾನು ಅವನ ಹಿಂದೆ, ಕನ್ನಡಿಗೆ ಕಾಣದ ಎಡಗಡೆಯಲ್ಲಿ, ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದೆ. ಏನೋ ದೆವ್ವ ಹೊಕ್ಕಿತು. ಅವನದೇ ಧ್ವನಿಯಲ್ಲಿ ಮೆಲ್ಲಗೆ, "ಹಾಂ ಜೀ, ಗಡ್ಡದ ಲೈನ್ ಕ್ಲಿಯರ್ ಐತಾ?" ಅಂದೆ. ಏಟು ಬೀಳುತ್ತೆ ಅಂತ ಕಣ್ಣು ಮುಚ್ಚಿದೆ. ಬೀಳಲಿಲ್ಲ. ಕಣ್ಣು ತೆಗೆದರೆ ಅಪ್ಪ ಕೆನ್ನೆ ಉಬ್ಬಿಸಿಕೊಂಡು ಬ್ಲೇಡು ಆಡಿಸುತ್ತಲೇ ಇದ್ದಾನೆ. ಇನ್ನೊಂದು ಸಲ, ಇನ್ನೂ ಜೋರಾಗಿ ಅಂದೆ. ಆಮೇಲೆ, ಬರೆಯಲು ಈಗಲೂ ನಾಚಿಕೆ, ಒಂದು ಕೆಟ್ಟ ಮಾತೇ ಅಂದೆ. ಅಪ್ಪ ಬ್ಲೇಡು ತೊಳೆದುಕೊಂಡ. ನನಗೆ ಮೊದಲು ಬಂದದ್ದು ಖುಷಿ. ಆಮೇಲೆ ಅಪ್ಪನಿಗೆ ಕೇಳಿಸಲೇ ಇಲ್ಲ ಅನ್ನುವುದು ಹೊಳೆದು ಹೆದರಿಕೆಯಾಯಿತು. ಮುಂದಿನ ನಾಲ್ಕು ದಿನ ನಾನು ಆಟ ಆಡಿದೆ. ಮನೆಯ ಬೇರೆ ಬೇರೆ ಮೂಲೆಗಳಲ್ಲಿ ಅವಿತು "ಅಪ್ಪಾ" ಅಂತ ಕೂಗುವುದು. ಬಚ್ಚಲ ಕಡೆಯಿಂದ ಕೂಗಿದೆ, ಅಪ್ಪ ಬಲಕ್ಕೆ ತಿರುಗಿದ. ಬೀದಿ ಬಾಗಿಲಿಂದ ಕೂಗಿದೆ, ಬಲಕ್ಕೆ ತಿರುಗಿದ. ನೇರ ಬೆನ್ನ ಹಿಂದೆ ನಿಂತು ಕೂಗಿದೆ, ಬಲಕ್ಕೇ ತಿರುಗಿದ. ಎಲ್ಲಿಂದ ಕೂಗಿದರೂ ಅವನಿಗೆ ಮಗ ಬಲಗಡೆಯಲ್ಲೇ ಇದ್ದ.

ಐದನೇ ದಿನ ನಾನು ಕೂಗಿದಾಗ ಅವನು ತಿರುಗಲೇ ಇಲ್ಲ. ಬಾ ಇಲ್ಲಿ ಅಂದ. ಹಿತ್ತಲ ಒಗೆಯುವ ಕಲ್ಲಿನ ಮೇಲೆ ಬಲಗಡೆಗೆ ಕೂರಿಸಿಕೊಂಡ.

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಏನಪ್ಪಾ?"

"ಕೋತಿಯಾಟ ಬ್ಯಾಡ. ಎಡಗಿವಿ ವಿಸ್ಯ."

ನಾನು ಐದು ದಿನ ಅಂದೆ. ಅವನು ಸುತ್ತಿಗೆಯನ್ನು ಕೈಯಲ್ಲಿ ತಿರುಗಿಸಿದ. ಆಮೇಲೆ ಬೋಲ್ಟು ಬಿಗಿದ ಹಾಗೆ ಒಂದೊಂದೇ ಮಾತು ಕೂರಿಸಿದ. ಸೈನ್ಯದ ಕೊನೆಯ ವರ್ಷ, ಪ್ರವಾಹಕ್ಕೆ ಬಾಗಿದ ಒಂದು ಸೇತುವೆಯ ತೊಲೆಯನ್ನು ಸಿಡಿಸಿ ತೆಗೆಯಬೇಕಿತ್ತು. ಮದ್ದು ಇಟ್ಟರು, ಎಣಿಸಿದರು, ಸಿಡಿಯಲಿಲ್ಲ. ಕಾಯಬೇಕಾದಷ್ಟು ಹೊತ್ತು ಕಾದರು. ಆಮೇಲೆ ನೋಡಲು ಹೋದ ಇಬ್ಬರಲ್ಲಿ ಅಪ್ಪ ಒಬ್ಬ. ಆಗ ಸಿಡಿಯಿತು.

"ನನ್ನ ಎಡಗಡೆ ಇದ್ದೋನು ಬಿಹಾರದೋನು. ನಾವಿಬ್ರೂ ಒಂದೇ ತಟ್ಟೇಲಿ ಉಣ್ತಿದ್ದೊ. ಅಡ್ಡಕ್ಕೆ ಅವ್ನಿದ್ದ, ಅದ್ಕೆ ನಾನಿದ್ದೀನಿ. ಕಿವಿ ಒಂದು ಓಯ್ತು, ಅಷ್ಟೇಯ."

ಎಡಗಡೆಗೆ ಯಾಕೆ ಗೋಡೆ ಬೇಕು ಅಂತ ನನಗೆ ಆಗ ಗೊತ್ತಾಯಿತು. ಶತ್ರು ಬಾರದಿರಲಿ ಅಂತಲ್ಲ. ಆ ಜಾಗದಲ್ಲಿ ಇನ್ನೊಬ್ಬರು ಬಂದು ಕೂರದಿರಲಿ ಅಂತ.

"ಅವ್ವಂಗೆ ಗೊತ್ತಾ?" ಅಂದೆ.

"ಯಾರಿಗೂ ಗೊತ್ತಿಲ್ಲ. ರೈಲ್ವೆಗೆ ಸೇರುವಾಗ್ಲೂ ಎಂಗೋ ದಾಟ್ಕಂಡೆ. ಗೊತ್ತಾದ್ರೆ ಲೈನಿಂದ ತೆಗೆದು ಕುರ್ಚಿ ಮ್ಯಾಲೆ ಕೂರುಸ್ತಾರೆ. ಕುರ್ಚಿ ಮ್ಯಾಲೆ ಕೂತ ನಿಮ್ಮಪ್ಪನ್ನ ನೋಡಿದ್ದೀಯೇನ್ಲಾ? ನಾನೂ ನೋಡಿಲ್ಲ."

ಆಣೆ ಪ್ರಮಾಣ ಏನೂ ಮಾಡಿಸಲಿಲ್ಲ. ನನ್ನ ತಲೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಬಿರುಕಿಲ್ಲ ಅಂದ. ನಾನು ಉಬ್ಬಿಹೋದೆ. ಮೂರ್ಖನಿಗೆ ಗುಟ್ಟು ಕೊಟ್ಟರೆ ಅದನ್ನು ಪದಕದ ಹಾಗೆ ಎದೆಗೆ ಸಿಕ್ಕಿಸಿಕೊಳ್ಳುತ್ತಾನೆ.

ಅದಾಗಿ ಕೆಲವು ತಿಂಗಳಿಗೆ ಮೆಡಿಕಲ್ ಬಂತು. ಹಳಿಯ ಮೇಲೆ ಕೆಲಸ ಮಾಡುವವರು ಕೆಲವು ವರ್ಷಕ್ಕೊಮ್ಮೆ ಕಣ್ಣು ಕಿವಿ ತೋರಿಸಬೇಕು. ಕಿವಿ ಪರೀಕ್ಷೆ ಹೇಗೆ ಅಂದರೆ, ಒಂದು ಕಿವಿಯನ್ನು ಬೆರಳಿಂದ ಮುಚ್ಚಿಕೊಂಡು ಅಡ್ಡಕ್ಕೆ ತಿರುಗಿ ನಿಲ್ಲುವುದು, ದೂರದಿಂದ ಡಾಕ್ಟರು ಪಿಸುಗುಟ್ಟಿದ್ದನ್ನು ಹೇಳುವುದು. ಅಪ್ಪನಿಗೆ ಬೇಕಾಗಿದ್ದದ್ದು ಬಲಗಿವಿಯನ್ನು ಮುಚ್ಚಿದ ಹಾಗೆ ಕಾಣುವ, ಆದರೆ ಮುಚ್ಚದ ಒಂದು ಬೆರಳು. ಅದನ್ನು ಅಭ್ಯಾಸ ಮಾಡಿಸಲು ಬೇಕಾಗಿದ್ದದ್ದು ಒಬ್ಬ ಡಾಕ್ಟರು. ನಾನೇ ಡಾಕ್ಟರಾದೆ. ನನ್ನ ಜ್ವರಕ್ಕೆ ತೋರಿಸಲು ಹೋದಾಗ ಆ ರೈಲ್ವೆ ಡಾಕ್ಟರ ಮೂಗಿನ ಮಾತನ್ನು ಎತ್ತಿಕೊಂಡು ಬಂದಿದ್ದೆ. ಅವ್ವನೂ ಅಜ್ಜಿಯೂ ಸೊಪ್ಪು ತರಲು ಹೋದಾಗ ಹಿತ್ತಲಲ್ಲಿ ಇಪ್ಪತ್ತು ಹೆಜ್ಜೆ ಎಣಿಸಿ ನಿಂತು, ಅಕ್ಕಪಕ್ಕದ ಸ್ಟೇಷನ್ನುಗಳ ಹೆಸರನ್ನು ಮೂಗಿನಲ್ಲಿ ಪಿಸುಗುಟ್ಟುತ್ತಿದ್ದೆ.

"ಹನಕೆರೆ."

"ಹನಕೆರೆ," ಅಪ್ಪ ಅನ್ನುತ್ತಿದ್ದ.

"ಯಲಿಯೂರು."

"ಯಲಿಯೂರು."

"ಅಪ್ಪ ಕಳ್ಳ."

"ಬೆರಳು ತೆಗೆದು ಬಂದೆ ಅಂದ್ರೆ ಗೊತ್ತಾಯ್ತದೆ."

ಆ ಹದಿನೈದು ದಿನ ನಾವಿಬ್ಬರೂ ನಕ್ಕಷ್ಟು ಅದಕ್ಕೆ ಮುಂಚೆ ನಕ್ಕಿರಲಿಲ್ಲ. ಅಪ್ಪ ಪಾಸಾದ. ಸಂಜೆ ಬರುವಾಗ ಪ್ಲಾಟ್‌ಫಾರಮ್ಮಿನಿಂದ ವಡೆ ಕಟ್ಟಿಸಿಕೊಂಡು ಬಂದ. ಅವ್ವ ಏನು ವಿಶೇಷ ಅಂದರೆ, ನಿನ್ನ ಮಗ ಡಾಕ್ಟರಾದ ಅಂದ. ಅಜ್ಜಿ ಅದನ್ನು ನಂಬಿ ಎರಡು ದಿನ ನನಗೆ ಮಂಡಿ ತೋರಿಸಿಕೊಂಡಳು.

ಬಹುಮಾನವಾಗಿ ಆ ಭಾನುವಾರ ಅಪ್ಪ ನನ್ನನ್ನು ಲೈನಿಗೆ ಕರೆದುಕೊಂಡು ಹೋದ. ಮಕ್ಕಳು ಹಳಿಯ ಹತ್ತಿರ ಹೋಗಬಾರದು ಅನ್ನುವ ಕಾನೂನನ್ನು ಅವನು ಮುರಿದದ್ದು ಅದೊಂದೇ ದಿನ. ಶಿಂಷಾ ಸೇತುವೆಯ ಕಡೆ ನಡೆಯುತ್ತಿದ್ದೆವು. ಬಲಗಡೆ ಹಳೇ ಲೈನು, ಎಡಗಡೆ ಇನ್ನೂ ಪ್ಯಾಸೆಂಜರ್ ಗಾಡಿ ಬಿಡದ ಹೊಸ ಲೈನು, ನಡುವಿನ ಜಲ್ಲಿಯ ಮೇಲೆ ನಾವು. ಗಾಡಿ ಓಡಾಡುವ ಹಳೇ ಲೈನಿನಿಂದ ದೂರ ಇರಲಿ ಅಂತ ನಾನು ಅವನ ಎಡಗಡೆ. ದಾರಿಯುದ್ದಕ್ಕೂ ಅವನು ಹಳಿ ತಟ್ಟುವುದು, ನಾನು ಹಾರ್ನ್ ಹೊಡೆಯುವುದು. ಒಂದು ಸಲ ಹತ್ತಿರದಿಂದ, ಒಂದು ಸಲ ದೂರದಿಂದ ಬರುವ ಹಾಗೆ. ಅವನು ಪ್ರತಿ ಸಲವೂ ತಲೆಯಾಡಿಸಿ, ಇದು ಪ್ಯಾಸೆಂಜರು, ಇದು ಗೂಡ್ಸು ಅನ್ನುತ್ತಿದ್ದ. ಕಬ್ಬಿನ ಗದ್ದೆಗಳ ಮೇಲೆ ಬಿಸಿಲು. ಹಳೇ ಲೈನು ನಮ್ಮ ಹಿಂದೆ ಜಲ್ಲಿ ರಾಶಿಗಳ ಮರೆಗೆ ಹೋಗುತ್ತಿತ್ತು, ಅಲ್ಲಿಂದಾಚೆಗೆ ಏನೂ ಕಾಣುತ್ತಿರಲಿಲ್ಲ.

ಆಗ ಒಂದು ಹಾರ್ನ್ ಬಂತು. ನಾನು ಹೊಡೆದದ್ದಲ್ಲ.

"ಇದು ಚೆನ್ನಾಗಿ ಬಂತು ಕಣ್ಲಾ," ಅಂದ ಅಪ್ಪ.

ನಾನು ಎಡಭುಜದ ಮೇಲಿಂದ ಹಿಂದಕ್ಕೆ ನೋಡಿದೆ. ಹೊಸ ಲೈನಿನ ಮೇಲೆ ಜಲ್ಲಿ ಗಾಡಿ. ಭಾನುವಾರ ಹೊಸ ಲೈನಿನಲ್ಲಿ ಏನೂ ಬರುವುದಿಲ್ಲ ಅನ್ನುವುದು ಅಪ್ಪನ ಲೆಕ್ಕ. ಆ ಭಾನುವಾರ ಬರುತ್ತೆ ಅಂತ ಬೆಳಿಗ್ಗೆ ಗೇಟಿನ ಹತ್ತಿರ, ಹಳಿಯ ಕೀಲಿ ಬಿಗಿಯುವ ಕೀಮ್ಯಾನ್ ಹೇಳಿದ್ದನಂತೆ. ಅಪ್ಪನ ಎಡಗಡೆ ನಿಂತು ಹೇಳಿದ್ದನಂತೆ. ಅಪ್ಪ ತಲೆಯಾಡಿಸಿದ್ದನಂತೆ.

ಎರಡನೇ ಹಾರ್ನ್ ಬಂತು. ಈ ಸಲ ಅಪ್ಪ ನನ್ನ ಬಾಯಿ ನೋಡಿದ. ಮುಚ್ಚಿತ್ತು. ಅವನು ಬಲಕ್ಕೆ ತಿರುಗಿದ. ಹಳೇ ಲೈನಿನ ಜಲ್ಲಿ ರಾಶಿಗಳ ಕಡೆ ಕಣ್ಣು ನೆಟ್ಟು, ಗಾಡಿ ಅಲ್ಲಿಂದಲೇ ಬರುತ್ತಿದೆ ಅಂತ ತೀರ್ಮಾನಿಸಿ, ನನ್ನ ಭುಜ ಹಿಡಿದು ಎಡಕ್ಕೆ, ಹೊಸ ಲೈನಿನ ಮೇಲಕ್ಕೆ, ಗಾಡಿ ಬರುತ್ತಿದ್ದ ಹಳಿಯ ಮೇಲಕ್ಕೇ ನೂಕಿಕೊಂಡು ಹೊರಟ. ಆಚೆ ದಾಟಿಸಿ ಕಾಪಾಡಬೇಕು ಅಂತ. ನನಗೆ ಗಾಡಿ ಕಾಣುತ್ತಿದೆ. ಡ್ರೈವರನ ಕೈ ಕಾಣುತ್ತಿದೆ. ಹೇಳಬೇಕಾದದ್ದು ಒಂದೇ ಮಾತು. ಮದ್ದೂರಿನ ಅಷ್ಟೂ ಗಂಟಲುಗಳನ್ನು ಕದ್ದಿಟ್ಟುಕೊಂಡಿದ್ದ ನನ್ನ ಗಂಟಲಿನಿಂದ ಒಂದು ಅಕ್ಷರ ಹೊರಡಲಿಲ್ಲ. ಯಾರ ಧ್ವನಿಯಲ್ಲಿ ಕೂಗಬೇಕು ಅಂತಲೇ ಗೊತ್ತಾಗಲಿಲ್ಲ. ಕೊನೆಗೆ ನಾನು ಮಾಡಿದ್ದು ಅಜ್ಜಿಯ ಬಂಡೂರು ಕುರಿ ಮಾಡುವ ಕೆಲಸ. ಆ ಗಿಡ್ಡ ಕುರಿಯನ್ನು ಇಷ್ಟವಿಲ್ಲದ ಕಡೆ ಎಳೆದರೆ ನಾಲ್ಕು ಕಾಲೂ ಊರಿ ನೆಲಕ್ಕೆ ಕೂತುಬಿಡುತ್ತೆ, ಏನು ಮಾಡಿದರೂ ಏಳುವುದಿಲ್ಲ. ನಾನು ಜಲ್ಲಿಯ ಮೇಲೆ ಹಾಗೆ ಕೂತುಬಿಟ್ಟೆ. ಅಪ್ಪ ಎಳೆದ. ಬೈದ. ಒಂದು ಬೂಟು ಹಳಿಯ ಮೇಲಿಟ್ಟು ಇನ್ನೊಂದು ಸಲ ಎಳೆದ, ಎಳೆಯುತ್ತಿದ್ದವನು ನಿಂತುಬಿಟ್ಟ. ಅದುರುತ್ತಿದ್ದ ಹಳಿ ಅವನ ಕಾಲಿಗೆ ಹೇಳಿತ್ತು.

ಹಿಂದಕ್ಕೆ ನನ್ನ ಮೇಲೆ ಬಿದ್ದ. ಗಾಡಿ ಹೋಯಿತು. ಅದರ ಗಾಳಿ ಮುಖಕ್ಕೆ ಬಡಿದದ್ದು, ಜಲ್ಲಿಯ ಪುಡಿ ಬಾಯಿಗೆ ಬಂದದ್ದು, ಕೊನೆಯ ಬೋಗಿ ದಾಟಿದ ಮೇಲೂ ಅಪ್ಪ ನನ್ನನ್ನು ಬಿಡದೆ ಅದುಮಿಕೊಂಡಿದ್ದದ್ದು ನೆನಪಿದೆ. ಹಳೇ ಲೈನು ಖಾಲಿಯಾಗಿ ಬಿಸಿಲಲ್ಲಿ ಹೊಳೆಯುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ. ಮನೆಯ ಗೇಟಿನಲ್ಲಿ ನನ್ನ ಮಂಡಿಯ ರಕ್ತ ಒರೆಸುತ್ತಾ,

"ಅವ್ವಂಗೆ ಯೋಳ್ಬ್ಯಾಡ," ಅಂದ.

ಮರುದಿನ ಆರೂವರೆಗೆ ಬೂಟು ಕಟ್ಟಿ ಮತ್ತೆ ಲೈನಿಗೆ ಹೋದ.

ಆ ಕೆಲವು ದಿನ ನಾನು ಯಾರನ್ನೂ ಅಣಕಿಸಲಿಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ಮದ್ದೂರಿನಲ್ಲಿ ಎಷ್ಟು ಗಾಡಿ ಓಡಾಡುತ್ತವೆ, ಒಂದೊಂದೂ ಎಷ್ಟು ಸಲ ಹಾರ್ನ್ ಹೊಡೆಯುತ್ತೆ ಅನ್ನುವುದು ನನಗೆ ಗೊತ್ತಾಯಿತು. ಸ್ಕೂಲಿನಲ್ಲಿ ಪ್ರತಿ ಹಾರ್ನಿಗೂ ನನ್ನ ಪೆನ್ನು ನಿಲ್ಲುತ್ತಿತ್ತು. ಒಂದು ಉದ್ದ ಅಂದರೆ ಸರಿ. ಚಿಕ್ಕಚಿಕ್ಕದಾಗಿ ಒಂದರ ಮೇಲೊಂದು ಬಂದರೆ ಹಳಿಯ ಮೇಲೆ ಏನೋ ಇದೆ ಅಂತ. ದನ ಇರಬಹುದು. ದನವೇ ಇರಲಿ ಅಂತ ಕೈಮುಗಿದುಕೊಳ್ಳುತ್ತಿದ್ದೆ, ಬಡಪಾಯಿ ದನ. ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿದ್ದದ್ದು ಗಾಡಿಯಲ್ಲ, ಆ ಹದಿನೈದು ದಿನದ ನಗು. ಅವನನ್ನು ಪಾಸು ಮಾಡಿಸಿದ ಡಾಕ್ಟರು ನಾನು. ಅವನು ಹಳಿಯ ಮೇಲೆ ಇರುವುದು ನನ್ನಿಂದ. ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಜ್ಜಿ ಗಮನಿಸಿದಳು.

"ಯಾಕ್ಲಾ ಕೋತಿ, ಮೂಕಾಗೋದೆ? ನನ್ನ ಥರ ಒಂದ್ ಕಿತ ಬೈಯ್ಲಾ ನೋಡಮ."

ನಾನು ತಲೆಯಲ್ಲಾಡಿಸಿದೆ. ಅವಳು ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ನನ್ನ ಮುಖಕ್ಕೆ ಮೂರು ಸಲ ಇಳಿ ತೆಗೆದು ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಏಳಲಿಲ್ಲ. ಘಾಟು ಏಳದಿದ್ದರೆ ದೃಷ್ಟಿ ಜೋರಾಗಿದೆ ಅಂತ ಅರ್ಥ.

"ಏನೋ ನೋಡ್ಬುಟ್ಟವ್ನೆ ಕಣವ್ವ ಇವ್ನು," ಅಂದಳು ಅವ್ವನಿಗೆ. "ಕಾಣಬಾರದ್ದು ಏನೋ ಕಂಡವ್ನೆ."

ಅವ್ವ ನನ್ನನ್ನು ನೋಡಿದಳು, ಆಮೇಲೆ ಮೂಲೆಯಲ್ಲಿ ಗೋಡೆಗೆ ಅಂಟಿ ಉಣ್ಣುತ್ತಿದ್ದ ಅಪ್ಪನನ್ನು ನೋಡಿದಳು. ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿತೋ. ಅವನ ವಿಷಯದಲ್ಲಿ ಅದೊಂದು ಅನುಕೂಲ ಇತ್ತು.

ಗುರುವಾರ ಬೆಳಿಗ್ಗೆ ಅಪ್ಪ ಗೋಡೆಯ ಬಳೆ ತೆಗೆದುಕೊಂಡು ಬಚ್ಚಲಿಗೆ ಹೋದ. ಮೊಳೆ ಖಾಲಿಯಾಯಿತು. ಹತ್ತು ನಿಮಿಷ, ಅದು ಅವನ ಕಾನೂನು, ಅವನೇ ಮುರಿಯುವುದಿಲ್ಲ. ಅವನ ಬಟನ್ ಫೋನು ಕಿಟಕಿಯಲ್ಲಿತ್ತು. ಅವ್ವ ಅಂಗಳದಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಬಚ್ಚಲಲ್ಲಿ ನೀರು ಬೀಳುವ ಸದ್ದು. ನಾನು ಫೋನು ತೆಗೆದುಕೊಂಡು ಅಡುಗೆಮನೆಯ ಮೂಲೆಗೆ, ಅಪ್ಪನ ಜಾಗಕ್ಕೆ ಹೋಗಿ, ಎಡಭುಜವನ್ನು ಗೋಡೆಗೆ ಒತ್ತಿ ಕೂತೆ. ಮಂಡ್ಯದಲ್ಲಿ ಅವನ ಮೇಲಿನ ಸಾಹೇಬರೊಬ್ಬರಿದ್ದರು. ಹೆಸರಿಲ್ಲದೆ "ಸಾಹೇಬ್" ಅಂತಲೇ ನಂಬರ್ ಇತ್ತು. ಗುಂಡಿ ಒತ್ತಿದೆ. ಮೊದಲ ಸಲ ಹಾಲಿನವನಿಗೆ ಹೋಯಿತು, ಕತ್ತರಿಸಿ ಮತ್ತೆ ಒತ್ತಿದೆ.

"ಹೇಳಿ ಗೌಡ್ರೇ, ಇಷ್ಟು ಬೆಳಿಗ್ಗೆ?"

ಎರಡು ಸಲ ಗಂಟಲು ಸರಿಮಾಡಿಕೊಂಡೆ. ಭಾನುವಾರದಿಂದ ಸತ್ತುಬಿದ್ದಿದ್ದ ಗಂಟಲಿನಲ್ಲಿ ಅಪ್ಪ ಎದ್ದು ಕೂತ.

"ಜೈ ಹಿಂದ್ ಸಾರ್. ಒಂದು ವಿಸ್ಯ ಯೋಳ್ಬೇಕಿತ್ತು. ನನಗೆ ಎಡಗಿವಿ ಕೇಳಾಕಿಲ್ಲ ಸಾರ್."

"ಮೊನ್ನೆ ಮೆಡಿಕಲ್ ಪಾಸಾಗಿದೆಯಲ್ರೀ?"

"ಹಾಂ ಜೀ. ಅದು ಮೋಸ ಸಾರ್. ಸೈನ್ಯದಲ್ಲೇ ಓಯ್ತು ಕಿವಿ. ಗಾಡಿ ಯಾವ ಕಡೆಯಿಂದ ಬತ್ತದೆ ಅಂತ ಗೊತ್ತಾಗಾಕಿಲ್ಲ. ಭಾನುವಾರ ನನ್ನ ಮಗನ್ನ ಗಾಡಿ ಕೆಳಗೆ ಆಕ್ಬುಡ್ತಿದ್ದೆ." ಇಲ್ಲಿಗೆ ನಾನು ಕಲಿತ ಅಪ್ಪ ಮುಗಿದುಹೋದ. ಮುಂದಿನದು ತಾನಾಗಿಯೇ ಬಂತು. "ಇಷ್ಟು ದಿನ ಯೋಳಾಕೆ ಎದರಿಕೆ ಆಯ್ತಿತ್ತು ಸಾರ್. ಬಾಳ ಎದರಿಕೆ ಆಯ್ತಿತ್ತು."

ಸಾಹೇಬರು ಉಸಿರು ಬಿಟ್ಟದ್ದು ಕೇಳಿಸಿತು.

"ಇವತ್ತು ಲೈನಿಗೆ ಇಳೀಬೇಡಿ. ಬೇರೆಯವರನ್ನ ಕಳಿಸ್ತೀನಿ. ಹತ್ತು ನಿಮಿಷದಲ್ಲಿ ನಾನೇ ಫೋನ್ ಮಾಡ್ತೀನಿ."

ಫೋನನ್ನು ಕಿಟಕಿಯಲ್ಲಿಟ್ಟೆ. ತಿರುಗಿದರೆ ಅವ್ವ ಬಾಗಿಲಲ್ಲಿ, ಕೈಯಲ್ಲಿ ಬೂದಿ ಮೆತ್ತಿದ ಪಾತ್ರೆ. ಎಲ್ಲ ಕೇಳಿಸಿಕೊಂಡಿದ್ದಳು. ಅಷ್ಟರಲ್ಲಿ ಅಪ್ಪ ತಲೆ ಒರೆಸಿಕೊಳ್ಳುತ್ತಾ ಬಂದು ಬಳೆಯನ್ನು ಮೊಳೆಗೆ ತೂಗುಹಾಕಿ, ಖಾಕಿ ಶರ್ಟು ಹಾಕಿಕೊಂಡು ಗುಂಡಿ ಹಾಕತೊಡಗಿದ. ಫೋನು ಬಡಿದುಕೊಂಡಿತು. ಅವನು ಬಲಕ್ಕೆ ತಿರುಗಿದ, ಆಮೇಲೆ ಕಿಟಕಿ ನೋಡಿದ. ಬಲಗಿವಿಗೆ ಹಿಡಿದುಕೊಂಡ.

ಸಾಹೇಬರು ಹೇಳಿದ್ದು ನಮಗೆ ಕೇಳುತ್ತಿರಲಿಲ್ಲ. ಅಪ್ಪನ ಮುಖದಲ್ಲಿ ಕಾಣುತ್ತಿತ್ತು. ಮೊದಲು ಗೊಂದಲ. ಹುಬ್ಬು ಕೂಡಿಕೊಂಡಿತು. ಆಮೇಲೆ ನಿಧಾನವಾಗಿ, ಮೊದಲ ಸಲಕ್ಕೆ ಸರಿಯಾದ ದಿಕ್ಕಿಗೆ, ನಾನು ನಿಂತಿದ್ದ ಎಡಮೂಲೆಗೆ ತಿರುಗಿದ. ಆ ನೋಟದ ಮುಂದೆ ಜಲ್ಲಿ ಗಾಡಿ ಏನೂ ಅಲ್ಲ. ಈಗ "ನಾನು ಮಾತಾಡೇ ಇಲ್ಲ ಸಾರ್, ಯಾರೋ ಕೋತಿ ನನ್ನ ಥರ ಮಾತಾಡವ್ನೆ" ಅಂದರೆ ಮುಗಿಯಿತು. ಅಂದುಬಿಟ್ಟರೆ ನಾಳೆ ಆರೂವರೆಗೆ ಮತ್ತೆ ಬೂಟು, ಮತ್ತೆ ಹಾರ್ನ್. ನಾನು ಒದ್ದೆಯಾಗಿದ್ದೆ. ಬೆವರು ಅಂತ ಬರೆದರೆ ಸುಳ್ಳಾಗುತ್ತೆ.

ಅಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡ.

"ಹೌದು ಸಾರ್," ಅಂದ. "ನಾನೇ ಯೋಳಿದ್ದು."

ಫೋನು ಇಟ್ಟು, ಹಾಕಿದ್ದ ಮೂರು ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಅವ್ವ ಪಾತ್ರೆ ಕೆಳಗಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಕೋಣೆಗೆ ಹೋದಳು. ಒಂದು ತಿಂಗಳಿಗೆ ಅವನನ್ನು ಮಂಡ್ಯದಲ್ಲಿ ನಕ್ಷೆ ನೋಡುವ ಕುರ್ಚಿಯ ಮೇಲೆ ಕೂರಿಸಿದರು, ಕಿವಿ ಮುಚ್ಚಿಟ್ಟದ್ದಕ್ಕೆ ಕಾಗದ ಬರೆಸಿಕೊಂಡರು, ಅವ್ವ ಎಷ್ಟೋ ದಿನ ಅವನ ಜೊತೆ ಮಾತು ಬಿಟ್ಟಳು. ಅದೆಲ್ಲ ಆಮೇಲೆ. ಆ ಬೆಳಿಗ್ಗೆ ಅವನು ಶರ್ಟನ್ನು ಮಡಚಿ ಕೈಯಲ್ಲಿ ಹಿಡಿದು ನನ್ನ ಎದುರಿಗೆ ಬಂದ. ಏಟಿಗೆ ನಾನು ಕಣ್ಣು ಮುಚ್ಚಿದೆ.

"ಎದರಿಕೆ ಆಯ್ತಿತ್ತು ಅಂದ್ಯಂತೆ."

"ಹೂಂ."

"ಆ ಮಾತು ನಾನು ಯಾವತ್ತೂ ಆಡಿಲ್ವಲ್ಲೋ. ಯಾರತ್ರ ಕಲ್ತೆ?"

"ಅದು ನಂದು ಅಪ್ಪ," ಅಂದೆ. ಅಪ್ಪನ ಧ್ವನಿಯಲ್ಲ, ಡಾಕ್ಟರದಲ್ಲ, ಯಾರದೂ ಅಲ್ಲದ, ಒಡೆದುಹೋದ ಒಂದು ಕೀಚು ಧ್ವನಿ. ಅದನ್ನು ನಾನೂ ಅವತ್ತೇ ಮೊದಲು ಕೇಳಿದ್ದು. "ಅದೊಂದು ನಂದು."

ಅವನು ಮೂಲೆಯಿಂದ ಮಣೆ ಎತ್ತಿಕೊಂಡು ಬಂದು ಅಡುಗೆಮನೆಯ ನಟ್ಟನಡುವೆ, ಯಾವ ಗೋಡೆಯೂ ಇಲ್ಲದ ಕಡೆ ಹಾಕಿ ಕೂತ. ಅಜ್ಜಿ ಬಂದು ಎರಡು ತಟ್ಟೆ ಇಟ್ಟು ಮುದ್ದೆ ಇಟ್ಟಳು. ನಾನು ಅಭ್ಯಾಸದಂತೆ ಅವನ ಬಲಗಡೆಗೆ ಹೋದೆ.

"ಅಲ್ಲಲ್ಲ," ಅಂದ ಅಪ್ಪ, ಎಡಗೈಯಿಂದ ನೆಲ ತಟ್ಟಿ. "ಈ ಕಡೆ ಬಾ."

ಆ ಜಾಗ ಯಾರದು ಅಂತ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ನಾನು ಹೋಗಿ ಕೂತೆ.